ಉಸಿರು ಹಿಡಿ ಅಂದರೆ ಆರು ವರ್ಷದ ಮಗು ಎಷ್ಟು ಹೊತ್ತು ಹಿಡಿಯಬೇಕು, ಸಚಿವರೇ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನ ಕಡಲ ಬದಿಯ ಊರೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಈ ಪತ್ರವನ್ನು ನೇರವಾಗಿ ನಿಮ್ಮ ಕಚೇರಿಗೆ ಕಳಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಕಳಿಸಿಯಾಗಿದೆ. ‘ಸಂಬಂಧಪಟ್ಟವರಿಗೆ ರವಾನಿಸಲಾಗಿದೆ’ ಅಂತ ಒಂದು ಸಾಲಿನ ಉತ್ತರವೂ ಬಂದಿದೆ. ಆ ಸಂಬಂಧಪಟ್ಟವರು ಯಾರು ಅಂತ ಇವತ್ತಿನವರೆಗೆ ಗೊತ್ತಾಗಿಲ್ಲ. ಹಾಗಾಗಿ ಈ ಸಲ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆತನಕ ಓದುವ ಪುರುಸೊತ್ತು ನಿಮಗೆ ಇರಲಿಕ್ಕಿಲ್ಲ. ನಮ್ಮ ಜಿಲ್ಲೆಯಲ್ಲೇ, ಸರ್ಕಾರಿ ದರದಲ್ಲಿ, ವಾರಕ್ಕೆ ಒಂದು ದಿನವಾದರೂ ಮಕ್ಕಳಿಗಾಗಿಯೇ ಎಂಆರ್‌ಐ ನಡೆಸಿ. ಆ ದಿನ ಮಕ್ಕಳಿಗೆ ಅರಿವಳಿಕೆ ಕೊಡುವ ಡಾಕ್ಟರು ಅಲ್ಲೇ ಇರಲಿ. ಮಕ್ಕಳ ಎದೆಯ ಚಿತ್ರ ತೆಗೆಯಲು ಬರುವ ಟೆಕ್ನಿಷಿಯನ್ ಇರಲಿ. ಇಷ್ಟೇ.

ನನ್ನ ಮಗನಿಗೆ ಆರು ವರ್ಷ. ಎರಡು ವರ್ಷದವನಿದ್ದಾಗ ನ್ಯುಮೋನಿಯಾ ಬಂತು. ಜ್ವರ ಇಳಿಯಿತು, ಕೆಮ್ಮು ಇಳಿಯಲಿಲ್ಲ. ಶ್ವಾಸಕೋಶದ ಒಂದು ಭಾಗದಲ್ಲಿ ಗಾಳಿ ಹೋಗುವ ನಾಳಗಳು ಹಿಗ್ಗಿ ಹಾಗೇ ಉಳಿದಿವೆ, ಅಲ್ಲಿ ಕಫ ನಿಲ್ಲುತ್ತದೆ, ನಿಂತಲ್ಲಿ ಮತ್ತೆ ಸೋಂಕು ಆಗುತ್ತದೆ ಅಂತ ಡಾಕ್ಟರು ಹೇಳಿದರು. ಬ್ರಾಂಕಿಯೆಕ್ಟಾಸಿಸ್ ಅನ್ನುತ್ತಾರೆ. ದಿನಾ ಬೆಳಿಗ್ಗೆ ಅವನನ್ನು ತೊಡೆಯ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನು ತಟ್ಟುತ್ತೇನೆ. ಕಫ ಸಡಿಲಾದ ಮೇಲೇ ಅವನ ತಿಂಡಿ, ಆಮೇಲೆ ನನ್ನ ಅಂಗನವಾಡಿ.

ಮಳೆಗಾಲ ಬಂದರೆ ಕೆಮ್ಮು ಜಾಸ್ತಿ. ನಮ್ಮ ಮನೆಯವರು ಮೀನಿನ ಬೋಟಿಗೆ ಹೋಗುವವರು. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ, ಅದು ಸರ್ಕಾರದ್ದೇ ನಿಯಮ. ಮನೆಯಲ್ಲಿ ದುಡ್ಡು ಇಲ್ಲದ ಎರಡು ತಿಂಗಳಲ್ಲೇ ಆಸ್ಪತ್ರೆಯ ಖರ್ಚು ಬರುತ್ತದೆ.

ಇಂಥ ಮಗುವಿನ ಎದೆಯೊಳಗೆ ಎಂತ ಆಗುತ್ತಿದೆ ಅಂತ ವರ್ಷ ವರ್ಷ ನೋಡುತ್ತಿರಬೇಕು. ಮೊದಲ ಸಲ ಸಿಟಿ ಸ್ಕ್ಯಾನ್ ಮಾಡಿದರು. ಅದು ಬೇಕೇ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಸಿಟಿಯಲ್ಲಿ ಕಂಡಷ್ಟು ಸಣ್ಣಸಣ್ಣದು ಎಂಆರ್‌ಐನಲ್ಲಿ ಕಾಣುವುದಿಲ್ಲ ಅಂತ ಡಾಕ್ಟರೇ ಹೇಳಿದರು. ಆದರೆ ಸಿಟಿ ಅಂದರೆ ಎಕ್ಸ್‌ರೇ ಕಿರಣ. ಒಂದು ಸಲಕ್ಕೆ ತೊಂದರೆ ತೀರಾ ಕಡಿಮೆ. ಬೆಳೆಯುವ ಮಗುವಿಗೆ ಮತ್ತೆ ಮತ್ತೆ ಮಾಡಿಸಿದರೆ ಕಿರಣದ ಲೆಕ್ಕ ಏರುತ್ತಾ ಹೋಗುತ್ತದೆ. ಎಂಆರ್‌ಐನಲ್ಲಿ ಆ ಕಿರಣವೇ ಇಲ್ಲ, ಬರೀ ಅಯಸ್ಕಾಂತ ಮತ್ತು ರೇಡಿಯೋ ಅಲೆ. ‘ಮುಂದಿನ ತಪಾಸಣೆಗೆ ಎದೆಯ ಎಂಆರ್‌ಐ ಮಾಡಿಸಿ’ ಅಂತ ಚೀಟಿ ಬರೆದುಕೊಟ್ಟರು.

ಆ ಚೀಟಿ ಹಿಡಿದು ನಮ್ಮ ಜಿಲ್ಲೆಯ ಒಂದು ಕಡೆ ಹೋದೆವು. ಹೆಸರು ಹೇಳುವುದಿಲ್ಲ. ನಿಮಗೆ ಬೇಕಿದ್ದರೆ ತಿಳಿದುಕೊಳ್ಳುವುದು ಕಷ್ಟವಲ್ಲ.

ಕೌಂಟರಿನಲ್ಲಿ ಕೂತವರು ಚೀಟಿ ನೋಡಿ ನಕ್ಕರು. “ಎದೆಗೆ ಎಂತಕ್ಕೆ ಎಂಆರ್‌ಐ? ಎಂಆರ್‌ಐ ತಲೆಗೆ, ಬೆನ್ನಿಗೆ. ಸಿಟಿ ಮಾಡಿಸಿ ಹೋಗಿ, ಐದು ನಿಮಿಷ.” ಡಾಕ್ಟರು ಬರೆದದ್ದು ಅಂದೆ. ಆಯ್ತು, ಅರಿವಳಿಕೆ ಕೊಡಬೇಕಾಗಬಹುದು, ಬೆಳಿಗ್ಗೆಯಿಂದ ಏನೂ ತಿನ್ನಿಸಬೇಡಿ ಅಂದರು. ಗೊತ್ತುಮಾಡಿದ ದಿನ ಕತ್ತಲೆ ಇರುವಾಗಲೇ ಮನೆ ಬಿಟ್ಟೆವು. ಮಗು ಹೊಟ್ಟೆಗಿಲ್ಲದೆ ಬೆಂಚಿನ ಮೇಲೆ ಕೂತಿತ್ತು. ಹತ್ತು ಗಂಟೆ, ಹನ್ನೊಂದು ಗಂಟೆ. ಅರಿವಳಿಕೆಯ ಡಾಕ್ಟರು ಸಿಸೇರಿಯನ್‌ಗೆ ಹೋಗಿದ್ದಾರೆ ಅಂದರು. ಒಂದು ಗಂಟೆಗೆ ಕೇಳಿದರೆ ಇವತ್ತು ಬರುವುದಿಲ್ಲ ಅಂದರು. ಆ ಡಾಕ್ಟರನ್ನು ನಾನು ಬೈಯುವುದಿಲ್ಲ, ಒಬ್ಬರೇ ಎಷ್ಟು ಕಡೆ ಓಡುತ್ತಾರೆ?

ಆಮೇಲಿನದ್ದು ಕೇಳಿ. “ಹಾಗೇ ಮಲಗಿಸಿ ನೋಡುವ, ನೀವು ಕಾಲು ಹಿಡಿದುಕೊಳ್ಳಿ” ಅಂದರು. ಕಿವಿಗೆ ಹತ್ತಿ ತುರುಕಿ, ಹಸಿದ ಮಗುವನ್ನು ಆ ಸುರಂಗದೊಳಗೆ ದೂಡಿದರು. ಒಳಗೆ ಧಡಧಡ ಶಬ್ದ. ಮೈಕಿನಲ್ಲಿ ಒಂದು ಗಂಡಸಿನ ಧ್ವನಿ, ‘ಉಸಿರು ಹಿಡಿ, ಬಿಡಬೇಡ’. ಉಸಿರಾಟದ ಕಾಯಿಲೆಗೆ ತೋರಿಸಲು ಬಂದ ಮಗುವಿಗೆ! ಅವನು ಹಿಡಿದ. ಕೆಮ್ಮು ಬಂತು. ಮತ್ತೆ ಹಿಡಿ ಅಂದರು. ಮತ್ತೆ ಕೆಮ್ಮಿದ. ಒಳಗಿನಿಂದ “ಅಮ್ಮಾ, ಎಷ್ಟು ಹೊತ್ತು ಹಿಡಿಬೇಕು?” ಅಂತ ಕೂಗಿದ. ನಾನು ಎಂತ ಹೇಳಲಿ? ಹೊರಗೆ ಬಂದಾಗ ಅಂಗಿ ಬೆವರಲ್ಲಿ ತೊಯ್ದಿತ್ತು, ಚಡ್ಡಿಯೂ ಒದ್ದೆಯಾಗಿತ್ತು.

ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಮಗು ಅಲುಗಾಡಿದ್ದರಿಂದ ಚಿತ್ರ ಸ್ಪಷ್ಟವಿಲ್ಲ, ಮತ್ತೊಮ್ಮೆ ಮಾಡಿಸಿ ಅಂತ ಬರೆದಿತ್ತು. ದುಡ್ಡು ಮಾತ್ರ ಪೂರ್ತಿ ತಗೊಂಡಿದ್ದರು. ಆಯುಷ್ಮಾನ್ ಕಾರ್ಡ್ ತೋರಿಸಿದರೆ, ಅಡ್ಮಿಟ್ ಆದವರಿಗೆ ಮಾತ್ರ, ಬಂದು ಹೋಗುವವರ ಸ್ಕ್ಯಾನಿಗೆ ಇಲ್ಲ ಅಂದರು. ನಿಯಮ ಹಾಗೇ ಇದೆ, ನಿಮಗೆ ಗೊತ್ತೇ ಇದೆ ಅಲ್ವಾ. ಅಂದರೆ ಮಗು ಅಡ್ಮಿಟ್ ಆಗುವಷ್ಟು ಕೆಡುವವರೆಗೆ ಕಾಯಬೇಕು. ಒಳ್ಳೆಯ ನಿಯಮ.

ಕೊನೆಗೆ ಸಾಲ ಮಾಡಿ ಉಡುಪಿ ಕಡೆ ಹೋದೆವು, ನೂರು ಕಿಲೋಮೀಟರಿಗೂ ಜಾಸ್ತಿ. ಅಲ್ಲಿಯ ಒಬ್ಬಳು ಸಣ್ಣ ಪ್ರಾಯದ ಡಾಕ್ಟರು ಕೂರಿಸಿಕೊಂಡು ವಿವರಿಸಿದಳು. ಎಂಆರ್‌ಐ ಮೈಯೊಳಗಿನ ನೀರಿನ ಹೈಡ್ರೋಜನ್‌ನಿಂದ ಬರುವ ಸಿಗ್ನಲ್ ಹಿಡಿಯುತ್ತದೆ. ಶ್ವಾಸಕೋಶ ಗಾಳಿ ತುಂಬಿದ ಸ್ಪಂಜಿನ ಹಾಗೆ, ನೀರು ಕಡಿಮೆ. ಬಂದ ಸಿಗ್ನಲ್ಲೂ ಒಂದೆರಡು ಮಿಲಿಸೆಕೆಂಡಿನಲ್ಲಿ ಆರಿಹೋಗುತ್ತದೆ. ಸಾಲದ್ದಕ್ಕೆ ಎದೆ ಏರಿಳಿಯುತ್ತದೆ, ಹೃದಯ ಬಡಿಯುತ್ತದೆ. ಅದಕ್ಕೇ ಎಂಆರ್‌ಐ ಎದೆಗಲ್ಲ ಅಂತ ಹಳಬರು ಹೇಳುತ್ತಿದ್ದರು. ಈಗ ಆ ಸಿಗ್ನಲ್ ಆರುವ ಮೊದಲೇ ಹಿಡಿಯುವ ವಿಧಾನಗಳಿವೆ. ಕಫ ನಿಂತ ಜಾಗ, ಬಾವು ಬಂದ ಜಾಗದಲ್ಲಿ ನೀರಿನಂಶ ಇರುವುದರಿಂದ ಅದು ಎದ್ದು ಕಾಣುತ್ತದೆ. ನಮ್ಮ ಮಗನಿಗೆ ನೋಡಬೇಕಾದದ್ದೂ ಅದೇ.

ಉಸಿರು ಹಿಡಿಸುವ ಕೆಲಸವೂ ಇರಲಿಲ್ಲ. ಹೊಟ್ಟೆಗೆ ಒಂದು ಬೆಲ್ಟ್ ಕಟ್ಟಿದರು. ಮಗು ಉಸಿರು ಹೊರಗೆ ಬಿಟ್ಟಾಗ ಮೆಷಿನ್ನೇ ನೋಡಿಕೊಂಡು ಚಿತ್ರ ತೆಗೆಯುತ್ತದೆ. ಹೆದರಿಕೆ ಹೋಗಲಿ ಅಂತ ನಾನು ಮುಂಚೆಯೇ ಅಂಗನವಾಡಿಯ ಪ್ಲಾಸ್ಟಿಕ್ ಮೇಜಿನ ಅಡಿ ಅವನನ್ನು ಮಲಗಿಸಿ, ಮೊಬೈಲಿನಲ್ಲಿ ಆ ಧಡಧಡ ಶಬ್ದ ಹಾಕಿ ಅಭ್ಯಾಸ ಮಾಡಿಸಿದ್ದೆ. ಉಳಿದ ಮಕ್ಕಳೂ ಸರದಿಯಲ್ಲಿ ನಿಂತು ‘ಸ್ಕ್ಯಾನ್’ ಮಾಡಿಸಿಕೊಂಡವು. ಅರಿವಳಿಕೆ ಇಲ್ಲದೇ ಅವನು ಅರ್ಧ ಗಂಟೆ ಸುಮ್ನೆ ಮಲಗಿದ. ಚಿತ್ರ ಚೆನ್ನಾಗಿ ಬಂತು. ಇದಕ್ಕೆ ರಾಕೆಟ್ ವಿಜ್ಞಾನಿ ಬೇಕಾಗಲಿಲ್ಲ. ಕಲಿತ ಒಬ್ಬ ಟೆಕ್ನಿಷಿಯನ್ ಬೇಕಾಯಿತು.

ಹೊರದೇಶದಲ್ಲಿ ಝೆನಾನ್ ಅನ್ನುವ ಗ್ಯಾಸ್ ಉಸಿರಾಡಿಸಿ, ಗಾಳಿ ಎಲ್ಲೆಲ್ಲಿ ಹೋಗುತ್ತದೆ ಅಂತ ಎಂಆರ್‌ಐನಲ್ಲೇ ನೋಡುತ್ತಾರಂತೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ 12 ವರ್ಷ ಮೇಲಿನವರಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಸಚಿವರೇ, ಗಾಬರಿಯಾಗಬೇಡಿ. ನಾನು ಅದನ್ನು ಕೇಳುತ್ತಿಲ್ಲ. ವಾರಕ್ಕೊಂದು ದಿನ ಕೇಳುತ್ತಿದ್ದೇನೆ.

ನನ್ನ ಮಗನೊಬ್ಬನ ಮಾತಲ್ಲ ಇದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ಹಾಕಿಸುವವಳು, ಅಮ್ಮಂದಿರನ್ನು ಕರೆಸುವವಳು ನಾನೇ. ಫಿಟ್ಸ್ ಬರುವ ಮಕ್ಕಳಿದ್ದಾರೆ. ಹುಟ್ಟಿದ ಕೂಡಲೇ ಅಳದೆ, ಈಗ ಕುತ್ತಿಗೆ ನಿಲ್ಲದವು ಇವೆ. ಬೆನ್ನಿನ ಮೇಲೆ ಗಂಟು ಇಟ್ಟುಕೊಂಡೇ ಹುಟ್ಟಿದವು ಇವೆ. ಇವರಿಗೆಲ್ಲ ಒಂದಲ್ಲ ಒಂದು ದಿನ ಎಂಆರ್‌ಐ ಬರೆಯುತ್ತಾರೆ. ಯೋಜನೆ 2013ರದ್ದು. ಕಾಯಿಲೆ ಹುಡುಕುವವರೆಗೆ ಎಲ್ಲ ಚಂದ. ಹುಡುಕಿದ ಮೇಲೆ ಚೀಟಿ ನನ್ನ ಕೈಯಿಂದ ಅಮ್ಮಂದಿರ ಕೈಗೆ ಹೋಗುತ್ತದೆ. ಅವರು “ಟೀಚರ್, ಇದನ್ನ ಎಲ್ಲಿ ಮಾಡ್ತಾರೆ?” ಅಂತ ಕೇಳುತ್ತಾರೆ. ನಾನು ಹುಬ್ಬಳ್ಳಿ ಅನ್ನಬೇಕು, ಇಲ್ಲ ಮಂಗಳೂರು ಅನ್ನಬೇಕು. ಗೋವಾ ಅನ್ನಬೇಕು. ನನ್ನ ಜಿಲ್ಲೆಯ ಹೆಸರು ಯಾವತ್ತು ಹೇಳುವುದು?

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಗ ಇಡೀ ಜಿಲ್ಲೆ ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಅಂತ ಕೂಗಿತ್ತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯೇ ಬಂದಾಯಿತು. ದೂರ ಹೋಗಿ ಮಾಡಿಸಿಕೊಳ್ಳಿ ಅನ್ನುವವರು ನಮ್ಮ ಮಳೆಗಾಲದಲ್ಲಿ ಒಮ್ಮೆ ಈ ರಸ್ತೆಯಲ್ಲಿ ಬರಲಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಯಾವಾಗ ಬರುತ್ತದೋ ಬರಲಿ, ಅದರ ಭಾಷಣಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಇದ್ದ ಮೆಷಿನ್ನಿನಲ್ಲಿ ಮಕ್ಕಳಿಗೆ ಒಂದು ದಿನ ಬಿಡಲು ಗುದ್ದಲಿ ಪೂಜೆ ಬೇಡ, ಸಚಿವರೇ. ಒಂದು ಆದೇಶ ಸಾಕು.

ಮತ್ತೊಮ್ಮೆ ಬರೆಯುತ್ತೇನೆ. ವಾರಕ್ಕೊಂದು ದಿನ ಮಕ್ಕಳ ಎಂಆರ್‌ಐ. ಎದೆಯದ್ದೂ ಸೇರಿ. ಅರಿವಳಿಕೆ ಡಾಕ್ಟರು ಆ ದಿನ ಬೇರೆ ಕಡೆ ಓಡಬಾರದು. ಟೆಕ್ನಿಷಿಯನ್‌ಗೆ ತರಬೇತಿ ಕೊಡಿಸಿ. ಅಡ್ಮಿಟ್ ಆಗದ ಮಕ್ಕಳ ಸ್ಕ್ಯಾನಿನ ಖರ್ಚನ್ನೂ ಕಾರ್ಡಿಗೆ ಸೇರಿಸಿ. ಚಿತ್ರ ಬಾರದಿದ್ದರೆ ಎರಡನೇ ಸಲ ದುಡ್ಡು ಕೇಳಬೇಡಿ.

ನನ್ನ ಮಗನ ಮುಂದಿನ ಸ್ಕ್ಯಾನ್ ಬರುವ ಮೇ ತಿಂಗಳಲ್ಲಿ, ಬೋಟು ನಿಲ್ಲುವ ಮೊದಲು. ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಅದರೊಳಗೆ ತಿಳಿಸಿ. ‘ರವಾನಿಸಲಾಗಿದೆ’ ಅಂತ ಬೇಡ, ಊರಿನ ಹೆಸರು ಬರೆಯಿರಿ.

ಇತಿ,
ಕುಮಟಾ ತಾಲೂಕಿನ ಒಬ್ಬ ಅಂಗನವಾಡಿ ಕಾರ್ಯಕರ್ತೆ