ಹಳೆಯ ಕಾರಿನ ಎ.ಸಿ.: ಗ್ಯಾಸ್ ತುಂಬುವ ಮುನ್ನ ಸೋರಿಕೆ ಹುಡುಕಲಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ಶುರುವಾಯಿತೆಂದರೆ ತುಮಕೂರಿನ ಬಿ.ಎಚ್. ರಸ್ತೆಯ ಗ್ಯಾರೇಜುಗಳ ಮುಂದೆ ಹಳೆಯ ಕಾರುಗಳು ಸಾಲುಗಟ್ಟುತ್ತವೆ. ‘ಕೂಲಿಂಗ್ ಬರುತ್ತಿಲ್ಲ, ಗ್ಯಾಸ್ ಹಾಕಿಕೊಡಿ’ ಎಂಬುದು ಎಲ್ಲರ ಬೇಡಿಕೆ. ಮೊದಲು ತುಂಬಿದ್ದ ಗ್ಯಾಸ್ ಎಲ್ಲಿ ಹೋಯಿತೆಂದು ಮಾಲೀಕರು ಕೇಳುವುದಿಲ್ಲ, ಮೆಕ್ಯಾನಿಕ್‌ಗಳೂ ಹೇಳುವುದಿಲ್ಲ. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಕೆಲವೇ ತಿಂಗಳಲ್ಲಿ ಅದು ಕಡಿಮೆಯಾಗಿದೆ ಎಂದಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನಮ್ಮ ತಂದೆಯವರು 1994ರಲ್ಲಿ ಕೊಂಡ ಕಾರನ್ನು ನೋಂದಣಿ ನವೀಕರಿಸಿಕೊಂಡು ಇಂದಿಗೂ ಬಳಸುತ್ತಿದ್ದೇವೆ. ವಯಸ್ಸಾದ ತಾಯಿಯವರನ್ನು ತಿಂಗಳಿಗೊಮ್ಮೆ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ್ದರಿಂದ, ವರ್ಷಗಟ್ಟಲೆ ಸುಮ್ಮನಿದ್ದ ಎ.ಸಿ.ಯನ್ನು ಎರಡು ವರ್ಷಗಳ ಹಿಂದೆ ದುರಸ್ತಿಗೆ ಕೊಟ್ಟೆ. ಮೂಲದಲ್ಲಿ ಅದು ಆರ್-12 ಎಂಬ ಹಳೆಯ ತಂಪುಕಾರಕ ಅನಿಲದ್ದು. ಗ್ಯಾರೇಜಿನವರು ಏನನ್ನೂ ಬಿಚ್ಚದೆ, ಅದರ ಬದಲಿಗೆ ಬಂದ ಆರ್-134ಎ ಅನಿಲ ತುಂಬಿ ಕಳುಹಿಸಿದರು. ಎರಡು ತಿಂಗಳಿಗೆ ತಂಪು ನಿಂತಿತು, ಮತ್ತೆ ತುಂಬಿದರು. ಮೂರನೆಯ ಸಲ ತುಂಬಿದ ಮೇಲೆ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ರೇ ಜಾಮ್ ಆಯಿತು.

ಕಾರಣವನ್ನು ಬಿಡಿಸಿ ಹೇಳಿದವರು ಮತ್ತೊಬ್ಬ ಹಿರಿಯ ಮೆಕ್ಯಾನಿಕ್. ಓಜೋನ್ ಪದರವನ್ನು ಸವೆಸುವ ಆರ್-12ನ ಬಳಕೆಯನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಭಾರತವೂ 2010ರ ಹೊತ್ತಿಗೆ ಕೈಬಿಟ್ಟಿದೆಯಾದ್ದರಿಂದ ಹಳೆಯ ಕಾರುಗಳು ಆರ್-134ಎಗೆ ಬದಲಾಗಲೇಬೇಕು. ಆದರೆ ಹಳೆಯ ಕಂಪ್ರೆಸರ್‌ನೊಳಗಿನ ಮಿನರಲ್ ಆಯಿಲ್ ಈ ಹೊಸ ಅನಿಲದೊಂದಿಗೆ ಬೆರೆಯುವುದಿಲ್ಲ, ಬೆರೆಯದ ಎಣ್ಣೆ ಪೈಪುಗಳಲ್ಲಿ, ಕೂಲಿಂಗ್ ಕಾಯಿಲ್‌ನಲ್ಲಿ ನಿಂತುಬಿಡುತ್ತದೆ, ಕಂಪ್ರೆಸರ್ ಎಣ್ಣೆಯಿಲ್ಲದೆ ಒಣಗಿ ಸವೆಯುತ್ತದೆ. ಆದ್ದರಿಂದ ಹಳೆಯ ಎಣ್ಣೆಯನ್ನು ಆದಷ್ಟೂ ಹೊರತೆಗೆದು, ಹೊಸ ಅನಿಲದೊಂದಿಗೆ ಬೆರೆಯುವ ಎಸ್ಟರ್ ಆಯಿಲ್ ಹಾಕಬೇಕು. ತೇವ ಹೀರುವ ಡ್ರೈಯರ್ ಮತ್ತು ಪೈಪಿನ ಜೋಡಣೆಗಳಲ್ಲಿರುವ ಓ-ರಿಂಗ್‌ಗಳನ್ನು ಹೊಸದಾಗಿ ಕೂರಿಸಬೇಕು. ನಂತರ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ಗಾಳಿಯನ್ನೂ ತೇವವನ್ನೂ ಎಳೆದು ತೆಗೆಯಬೇಕು. ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಕದಲದಿದ್ದರೆ, ಅಂದರೆ ಸೋರಿಕೆ ಇಲ್ಲದಿದ್ದರೆ ಮಾತ್ರ ಗ್ಯಾಸ್ ತುಂಬಬೇಕು, ಅದನ್ನೂ ತೂಕ ಮಾಡಿಯೇ. ಆರ್-12 ಹಿಡಿಸುತ್ತಿದ್ದ ತೂಕದ ಶೇ 80ರಿಂದ 90ರಷ್ಟು ಸಾಕು. ಅಳತೆ ಮೀರಿದರೆ, ಬಿಸಿ ಗ್ಯಾಸನ್ನು ತಣಿಸುವ ಹಳೆಯ ಕಂಡೆನ್ಸರ್ ಆ ಒತ್ತಡವನ್ನು ತಾಳಲಾರದು. ಕೈಯಿಂದ ಪೈಪು ಮುಟ್ಟಿ ನೋಡಿ ‘ಸಾಕಷ್ಟು ತಣ್ಣಗಿದೆ’ ಎನ್ನುವ ನಮ್ಮೂರಿನ ರೂಢಿಯಿಂದ ಆಗಿರುವ ಹಾನಿ ಕಡಿಮೆಯೇನಲ್ಲ.

ಅಗ್ಗವೆಂದು ಎಲ್‌ಪಿಜಿಯನ್ನೇ ತುಂಬುವ ಮಾತೂ ಕಿವಿಗೆ ಬಿದ್ದಿದೆ. ಕೂಲಿಂಗ್ ಕಾಯಿಲ್ ಇರುವುದು ಡ್ಯಾಶ್‌ಬೋರ್ಡಿನ ಒಳಗೆ. ಅಲ್ಲಿ ಸೋರಿದರೆ ಬೆಂಕಿ ಹತ್ತುವ ಅನಿಲ ಪ್ರಯಾಣಿಕರ ಮುಖದ ಮುಂದೆಯೇ ತುಂಬಿಕೊಳ್ಳುತ್ತದೆ. ಇದನ್ನು ಯಾರೂ ಒಪ್ಪಬಾರದು.

ಆರ್-134ಎ ಓಜೋನ್‌ಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಕನಿಷ್ಠ 1,300 ಪಟ್ಟು ಪ್ರಬಲ. ಹೀಗಿದ್ದೂ ಪೈಪು ಬಿಚ್ಚುವಾಗ ಉಳಿದ ಗ್ಯಾಸನ್ನು ‘ಬುಸ್’ ಎಂದು ಗಾಳಿಗೆ ಬಿಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇದಕ್ಕೆ ಮೆಕ್ಯಾನಿಕ್‌ಗಳನ್ನು ಮಾತ್ರ ದೂರುವುದು ನ್ಯಾಯವಲ್ಲ. ಗ್ಯಾಸನ್ನು ಮರಳಿ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರವನ್ನು ಸಣ್ಣ ಗ್ಯಾರೇಜಿನವರು ಒಬ್ಬರೇ ಕೊಳ್ಳುವುದು ಕಷ್ಟ.

ಆದ್ದರಿಂದ ಜಿಲ್ಲಾಡಳಿತವು ನಗರದ ಐಟಿಐಯಲ್ಲಿ ಅಂಥ ಒಂದು ಯಂತ್ರವನ್ನು ಇರಿಸಿ, ಗ್ಯಾರೇಜಿನವರಿಗೆ ಬಾಡಿಗೆಗೆ ದೊರಕಿಸಿ, ಬೇಸಿಗೆಗೆ ಮುಂಚೆ ಕೆಲವು ದಿನಗಳ ತರಬೇತಿ ಏರ್ಪಡಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ಮಾಲೀಕರಾದ ನಾವು ಸೋರಿಕೆ ಪರೀಕ್ಷೆ ಆಯಿತೇ, ಯಾವ ಗ್ಯಾಸ್, ಎಷ್ಟು ಗ್ರಾಂ, ಯಾವ ಎಣ್ಣೆ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಂಡೇ ಹಣ ಕೊಡೋಣ.

ಇಂತಿ,
ಹಳೆಯ ಕಾರಿನ ಮಾಲೀಕ, ಕ್ಯಾತ್ಸಂದ್ರ, ತುಮಕೂರು