ಬದುಕಿರುವಾಗಲೇ ಬರೆಯಿರಿ

ಮಾನ್ಯ ಸಂಪಾದಕರೇ,

ಪಾಶ್ಚಾತ್ಯ ಸಂಗೀತಗಾರರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರಹ ಬರುವುದು ಹೆಚ್ಚಾಗಿ ಅವರು ತೀರಿಕೊಂಡ ಮರುದಿನ. ಇಂಗ್ಲೆಂಡಿನ ರಾಕ್ ಗಾಯಕ, ವಾದಕ ಸ್ಟೀವ್ ವಿನ್‌ವುಡ್ ವಿಷಯದಲ್ಲಾದರೂ ಹಾಗಾಗದಿರಲಿ ಎಂದು ಈ ಪತ್ರ.

1948ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಇವರು, ಮೀಸೆ ಚಿಗುರುವ ಮೊದಲೇ ಅಣ್ಣನೊಡನೆ ಸ್ಪೆನ್ಸರ್ ಡೇವಿಸ್ ಗ್ರೂಪ್ ಎಂಬ ತಂಡ ಸೇರಿದರು. ಆ ತಂಡದ 1966ರ ಹಾಡು ‘ಗಿಮ್ಮಿ ಸಮ್ ಲವಿನ್’ ಕೇಳಿ ನೋಡಿ. ಮೊದಲು ಬಾಸ್ ಗಿಟಾರ್ ಗುದ್ದುತ್ತದೆ, ಅದರ ಮೇಲೆ ಹ್ಯಾಮಂಡ್ ಆರ್ಗನ್ ಎಂಬ ವಿದ್ಯುತ್ ಕೀಲಿಮಣೆ ವಾದ್ಯ ಮೊಳಗುತ್ತದೆ, ಆಮೇಲೆ ಬದುಕಿನಲ್ಲಿ ಬೆಂದು ಬಂದಂಥ ಆ ದನಿ. ಹಾಡಿದ ಹುಡುಗನಿಗೆ ಆಗ ಬರೀ 18 ವರ್ಷ!

ಆಮೇಲೆ ಅವರಿದ್ದ ಟ್ರಾಫಿಕ್, ಬ್ಲೈಂಡ್ ಫೇತ್ ತಂಡಗಳ ಕಥೆ ರಾಕ್ ಪ್ರಿಯರಿಗೆ ಗೊತ್ತೇ ಇದೆ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ ದೀರ್ಘ ಹಾಡು ‘ವೂಡೂ ಚೈಲ್’ನಲ್ಲಿ ಆರ್ಗನ್ ನುಡಿಸಿದವರೂ ಇವರೇ. ಆದರೆ ನನಗೆ ಎಲ್ಲಕ್ಕಿಂತ ಆಪ್ತವಾದದ್ದು 1980ರ ಅವರ ಆಲ್ಬಂ ‘ಆರ್ಕ್ ಆಫ್ ಎ ಡೈವರ್’. ಪಂಕ್ ಎಂಬ ಒರಟು ರಾಕ್ ಶೈಲಿಯ ಅಲೆಯ ಅಬ್ಬರದಲ್ಲಿ ಹಳೆಯ ತಂಡಗಳು ಮೂಲೆ ಸೇರಿದ್ದ ಹೊತ್ತಿನಲ್ಲಿ, ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನ ತಮ್ಮ ಮನೆಯ ಸ್ಟುಡಿಯೊದಲ್ಲಿ ಕುಳಿತು ಡ್ರಮ್ಸ್, ಗಿಟಾರ್, ಬಾಸ್, ಕೀಬೋರ್ಡ್ ಎಲ್ಲವನ್ನೂ ಒಬ್ಬರೇ ನುಡಿಸಿ, ಒಂದರ ಮೇಲೊಂದು ಪದರ ಹಾಸಿ ಆ ಆಲ್ಬಂ ಕಟ್ಟಿದರು. ಅಂಥ ತಾಳ್ಮೆಗೆ ತಲೆಬಾಗುತ್ತೇನೆ. 1986ರ ಹಾಡು ‘ಹೈಯರ್ ಲವ್’ ಅವರಿಗೆ ಗ್ರ್ಯಾಮಿ ಪ್ರಶಸ್ತಿ ತಂದುಕೊಟ್ಟಿತು. ಅದೇ ಹಾಡನ್ನು 2023ರಲ್ಲಿ ವಿಂಡ್ಸರ್ ಕೋಟೆಯಲ್ಲಿ ನಡೆದ ದೊರೆ ಚಾರ್ಲ್ಸ್ ಪಟ್ಟಾಭಿಷೇಕದ ಸಂಗೀತ ಕಛೇರಿಯಲ್ಲಿ ಹಾಡಿದಾಗ ಅವರಿಗೆ 75 ತುಂಬಲು ಐದೇ ದಿನ ಬಾಕಿ.

ದಯವಿಟ್ಟು ಭಾನುವಾರದ ಪುರವಣಿಯಲ್ಲಿ ಇವರಿಗೊಂದು ಅರ್ಧ ಪುಟವನ್ನಾದರೂ ಕೊಡಿ.

– ಒಬ್ಬ ಓದುಗ, ಧಾರವಾಡ