ಕುತ್ತಿಗೆ ನೋವು: ಭುಜಫಲಕವನ್ನೂ ಪರೀಕ್ಷಿಸಬೇಕು

ಮಾನ್ಯ ಸಂಪಾದಕರೇ,

ಕುತ್ತಿಗೆ ನೋವಿನ ಬಗ್ಗೆ ಆರೋಗ್ಯ ಪುಟಗಳಲ್ಲಿ ಬರುವ ಲೇಖನಗಳು ಬಹುಮಟ್ಟಿಗೆ ದಿಂಬು, ಮೊಬೈಲ್ ಮತ್ತು ಮೂಳೆ ಸವೆತದ ಸುತ್ತಲೇ ಸುತ್ತುತ್ತವೆ. ಬೆನ್ನಿನ ಮೇಲ್ಭಾಗದಲ್ಲಿರುವ ತ್ರಿಕೋನಾಕಾರದ ಚಪ್ಪಟೆ ಮೂಳೆಯಾದ ಭುಜಫಲಕದ ಪ್ರಸ್ತಾಪ ಅವುಗಳಲ್ಲಿ ಅಪರೂಪ.

ಈ ಮೂಳೆ ಕೀಲಿನ ಮೂಲಕ ಕೂಡಿಕೊಂಡಿರುವುದು ತೋಳಿನ ಮೂಳೆಯೊಂದಿಗೆ ಮತ್ತು ಕಾಲರ್ ಬೋನ್‌ನ ಹೊರತುದಿಯೊಂದಿಗೆ ಮಾತ್ರ. ಪಕ್ಕೆಲುಬುಗಳ ಮೇಲೆ ಅದನ್ನು ಹಿಡಿದಿಟ್ಟಿರುವುದು ಸ್ನಾಯುಗಳೇ. ಅವುಗಳಲ್ಲಿ ಒಂದು ಕುತ್ತಿಗೆಯ ಮೇಲಿನ 4 ಕಶೇರುಗಳಿಂದ ಹೊರಟು ಭುಜಫಲಕದ ಒಳಬದಿಯ ಮೇಲ್ಮೂಲೆಗೆ ಬಂದು ಸೇರುತ್ತದೆ. ಟ್ರೆಪೀಜಿಯಸ್ ಎಂಬ ಇನ್ನೊಂದು ಸ್ನಾಯುವಿನ ಮೇಲ್ಭಾಗ ತಲೆಬುರುಡೆಯ ಹಿಂಬದಿಯಿಂದಲೇ ಭುಜಕ್ಕೆ ಇಳಿಯುತ್ತದೆ. 60 ಕೆ.ಜಿ. ತೂಕದ ವ್ಯಕ್ತಿಯ ಒಂದು ತೋಳೇ ಸುಮಾರು 3 ಕೆ.ಜಿ. ತೂಗುವುದರಿಂದ, ಭುಜಫಲಕ ಕೆಳಕ್ಕೆ ಜೋತುಬಿದ್ದಾಗ ಆ ಭಾರದ ಎಳೆತ ಈ ಸ್ನಾಯುಗಳ ಮೂಲಕ ನೇರವಾಗಿ ಕುತ್ತಿಗೆಗೆ ತಗಲುತ್ತದೆ.

ಇದನ್ನು ಪರೀಕ್ಷಿಸುವ ಕ್ರಮ ಸರಳವಾಗಿದೆ. ನೋವಿರುವವರು ನೆಟ್ಟಗೆ ಕುಳಿತು ತಲೆಯನ್ನು ಎರಡೂ ಕಡೆಗೆ ತಿರುಗಿಸಿ ಎಲ್ಲಿ ಹಿಡಿದುಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಬಳಿಕ ಇನ್ನೊಬ್ಬರು ಹಿಂದೆ ನಿಂತು, ಮೊಣಕೈಗಳಿಗೆ ಅಂಗೈಯ ಆಸರೆ ಕೊಟ್ಟು ತೋಳುಗಳನ್ನು ತುಸು ಮೇಲಕ್ಕೆತ್ತಿ ಹಿಡಿದಿರುವಾಗಲೇ ನೋವಿರುವವರು ತಲೆಯನ್ನು ಮತ್ತೊಮ್ಮೆ ತಿರುಗಿಸಬೇಕು. ಆಗ ತಲೆ ಸಲೀಸಾಗಿ ಇನ್ನಷ್ಟು ತಿರುಗಿದರೆ ನೋವಿನಲ್ಲಿ ಭುಜಫಲಕದ ಪಾಲೂ ಇರುವ ಸಾಧ್ಯತೆಯಿದೆ.

ಇಂಥವರಿಗೆ ‘ಭುಜವನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಕುಳಿತುಕೊಳ್ಳಿ’ ಎಂಬ ಎಲ್ಲರೂ ಕೊಡುವ ಸಲಹೆಯೇ ನೋವನ್ನು ಹೆಚ್ಚಿಸಬಹುದು ಎಂಬುದು ನನ್ನ ಮುಖ್ಯ ಆತಂಕ. ಈಗಾಗಲೇ ಇಳಿಬಿದ್ದಿರುವುದನ್ನು ಇನ್ನಷ್ಟು ಕೆಳಕ್ಕೆಳೆದರೆ ಬಿಗಿತ ಸಡಿಲವಾಗುವುದಾದರೂ ಹೇಗೆ? ಕುಳಿತಾಗ ಮುಂದೋಳಿಗೆ ಆಸರೆ ಒದಗಿಸುವುದು, ಮುಂದೋಳುಗಳನ್ನು ಗೋಡೆಗೆ ಒತ್ತಿ ನಿಧಾನವಾಗಿ ಮೇಲಕ್ಕೆ ಜಾರಿಸುತ್ತಾ ಭುಜಫಲಕವನ್ನು ಮೇಲ್ಮುಖವಾಗಿ ತಿರುಗಿಸುವ ಸ್ನಾಯುಗಳಿಗೆ ಬಲ ತುಂಬುವುದು ಅವರಿಗೆ ಹೆಚ್ಚು ಹೊಂದುತ್ತದೆ. ಮಾಲಿಶ್‌ನಿಂದ ದೊರೆಯುವ ಉಪಶಮನ ತಾತ್ಕಾಲಿಕ.

ಆದರೆ ಎರಡು ಭುಜಗಳ ಎತ್ತರದಲ್ಲಿ ವ್ಯತ್ಯಾಸ ಕಂಡ ಮಾತ್ರಕ್ಕೆ ಅದನ್ನು ರೋಗವೆಂದು ಭಾವಿಸಬಾರದು. ನೋವೇ ಇಲ್ಲದ ಅನೇಕರಲ್ಲೂ ಅದು ಇರುತ್ತದೆ. ಅಂತೆಯೇ ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡಿಗೆ ತಪ್ಪುವುದು, ಜ್ವರ ಬರುವುದು ಅಥವಾ ಬಿದ್ದ ಪೆಟ್ಟಿನ ನಂತರ ನೋವು ಶುರುವಾಗುವುದು ಕಂಡುಬಂದರೆ ಈ ಪರೀಕ್ಷೆ, ವ್ಯಾಯಾಮಗಳನ್ನು ಬದಿಗಿಟ್ಟು ತಡಮಾಡದೆ ವೈದ್ಯರನ್ನು ಕಾಣಬೇಕು.

ಕುತ್ತಿಗೆ ನೋವಿನ ಕುರಿತ ಮುಂದಿನ ಲೇಖನಗಳಲ್ಲಿ ಭುಜಫಲಕದ ಪರೀಕ್ಷೆಗೂ ಸ್ಥಳಾವಕಾಶ ನೀಡಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

– ಒಬ್ಬ ಫಿಸಿಯೋಥೆರಪಿಸ್ಟ್